ನನ್ನ ಮಗನಿಗೆ ನಾನೇ ಇಟ್ಟ ದೃಷ್ಟಿಬೊಟ್ಟು

ಅಮೆರಿಕದ ಕಾಲೇಜು ಫುಟ್‌ಬಾಲ್ ನಡೆಯುವುದು ವರ್ಷದಲ್ಲಿ ನಾಲ್ಕೈದು ತಿಂಗಳು. ಆಗಸ್ಟ್ ಕೊನೆಗೆ, ಇಲ್ಲಿನ ಬೇಸಿಗೆ ಮುಗಿಯುವಾಗ ಶುರುವಾಗಿ ಜನವರಿ ಹೊತ್ತಿಗೆ ಮುಗಿದೇ ಹೋಗುತ್ತದೆ. ಮಾನವಂತರು ಆಮೇಲೆ ಟಿವಿ ಆರಿಸಿ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ನನ್ನಂಥವರ ಹುಚ್ಚು ಕೆದರುವುದೇ ಆಗ. ಆಟವಿಲ್ಲದ ತಿಂಗಳುಗಳಲ್ಲಿ ನಾವು ಮಾಡುವ ಘನಂದಾರಿ ಕೆಲಸವೇನೆಂದರೆ, ಮುಂದಿನ ವರ್ಷ ನಮ್ಮ ತಂಡಕ್ಕೆ ಯಾವ ಹೈಸ್ಕೂಲಿನ ಯಾವ ಹುಡುಗ ಬರುತ್ತಾನೆ, ಯಾವನು ಕೈಕೊಡುತ್ತಾನೆ ಎಂದು ಊಹಿಸುತ್ತ ಕೂರುವುದು. ಹದಿನೇಳು ವರ್ಷದ, ನಮಗೆ ಗುರುತು ಪರಿಚಯವೇ ಇಲ್ಲದ ಮಕ್ಕಳು. ಅವರ ಎತ್ತರ, ತೂಕ, ಓಟದ ವೇಗ, ಅಜ್ಜಿ ಯಾವ ಊರಿನಲ್ಲಿದ್ದಾಳೆ, ಎಲ್ಲವೂ ನಮಗೆ ಬಾಯಿಪಾಠ. ನನ್ನ ಸ್ವಂತ ಷಡ್ಡಕನ ಮಕ್ಕಳು ಯಾವ ಕ್ಲಾಸಿನಲ್ಲಿದ್ದಾರೆ ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತೇನೆ.

ಈ ಹುಚ್ಚು ನನಗೆ ಹಿಡಿದದ್ದು ೨೦೨೦ರಲ್ಲಿ, ಎಲ್ಲರೂ ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತಿದ್ದಾಗ. ಅಟ್ಲಾಂಟಾದ ಹೊರವಲಯದ ಸುವಾನಿಯಲ್ಲಿ ನಮ್ಮ ಮನೆ. ಒಂದು ಕಂಪನಿಯ ಡೇಟಾಬೇಸ್ ಕಾಯುವುದು ನನ್ನ ಕೆಲಸ. ಅದನ್ನು ಮಲಗುವ ಕೋಣೆಯ ಮೂಲೆಯಿಂದಲೇ ಕಾಯುತ್ತಿದ್ದೆ. ಮಧ್ಯಾಹ್ನ ಟಪಾಲು ತರಲು ಡ್ರೈವ್‌ವೇ ತುದಿಗೆ ಹೋಗುವುದೇ ಆ ದಿನಗಳ ದೊಡ್ಡ ಯಾತ್ರೆ. ಅಲ್ಲಿ ಎದುರು ಮನೆಯ ನಿವೃತ್ತ ಅಮೆರಿಕನ್ ಅಜ್ಜ ಸಿಗುತ್ತಿದ್ದರು. ನಾನು ಎಂ.ಎಸ್. ಮಾಡಿದ ವಿಶ್ವವಿದ್ಯಾಲಯದಲ್ಲೇ ಅವರೂ ಓದಿದವರು ಎಂಬುದು ಅಷ್ಟು ವರ್ಷ ಎದುರುಬದುರು ಇದ್ದ ಮೇಲೆ ಆಗ ಗೊತ್ತಾಯಿತು. ಕೆರೊಲಿನಾ ಕಡೆಯ ವಿಶ್ವವಿದ್ಯಾಲಯ ಅದು, ಹೆಸರು ಬೇಡ. ಅಲ್ಲಿದ್ದ ಎರಡು ವರ್ಷದಲ್ಲಿ ನಾನು ಒಂದೇ ಒಂದು ಆಟವನ್ನೂ ನೋಡಿದವನಲ್ಲ. ಶನಿವಾರ ಸ್ಟೇಡಿಯಂನಲ್ಲಿ ಊರಿಗೆ ಊರೇ ಕೂಗುತ್ತಿದ್ದರೆ, ಲ್ಯಾಬಿನ ಕಿಟಕಿ ಮುಚ್ಚಿ "ಎಂಥ ಕಾಡುಜನ" ಎಂದು ಗೊಣಗಿಕೊಂಡು ಓದುತ್ತಿದ್ದವನು. ಅಜ್ಜ ಅದನ್ನೆಲ್ಲ ಕೇಳಲಿಲ್ಲ. "ಹಾಗಾದರೆ ನಮ್ಮ ತಂಡದ ಫೋರಂ ಓದುತ್ತೀರಿ ತಾನೇ?" ಎಂದಷ್ಟೇ ಕೇಳಿದರು. ಇಲ್ಲ ಎಂದರೆ ಮರ್ಯಾದೆ ಹೋಗುತ್ತದೆಂದು ಹೂಂ ಅಂದೆ. ಹೇಳಿದ ಸುಳ್ಳನ್ನು ನಿಜ ಮಾಡಲು ಒಳಗೆ ಬಂದು ಅವತ್ತೇ ಸೇರಿಕೊಂಡೆ.

ಫೋರಂ ಎಂದರೆ ಅಭಿಮಾನಿಗಳು ಕಳ್ಳಹೆಸರು ಇಟ್ಟುಕೊಂಡು ಹರಟುವ ವೆಬ್‌ಸೈಟು. ನನ್ನ ಹೆಂಡತಿ ಎರಡು ದಿನ ನನ್ನ ಭುಜದ ಮೇಲಿಂದ ಇಣುಕಿ ನೋಡಿ ಅದಕ್ಕೆ "ಕಟ್ಟೆ" ಎಂದು ಹೆಸರಿಟ್ಟಳು. ಊರಿನ ಅರಳಿಕಟ್ಟೆ ಮೇಲೆ ಕೂತು ಕಂಡವರ ಮಕ್ಕಳ ಹಣೆಬರಹ ಬರೆಯುವವರನ್ನು ಅವಳು ಮೈಸೂರಿನಲ್ಲಿ ಸಾಕಷ್ಟು ಕಂಡಿದ್ದಳು.

"ರೀ, ಕಟ್ಟೆಯಿಂದ ಇಳಿದು ಬಂದು ಕಸದ ಡಬ್ಬಿ ಹೊರಗಿಡ್ತೀರಾ, ಇಲ್ಲಾ ಅದಕ್ಕೂ ಯಾರಾದ್ರೂ ಹೈಸ್ಕೂಲ್ ಹುಡುಗನ್ನ ರಿಕ್ರೂಟ್ ಮಾಡ್ಕೊಳ್ಳಲಾ?" ಎನ್ನುತ್ತಿದ್ದಳು.

ಕಟ್ಟೆಯ ವ್ಯವಹಾರ ಅರ್ಥವಾಗಲು ನನಗೆ ಒಂದು ವಾರವೂ ಬೇಕಾಗಲಿಲ್ಲ. ಹುಡುಗರಿಗೆ ನಕ್ಷತ್ರ ಕೊಡುತ್ತಾರೆ, ಎರಡರಿಂದ ಐದರವರೆಗೆ. ಸಿಇಟಿ ರ್‍ಯಾಂಕಿನ ಪಟ್ಟಿಯನ್ನು ಪೇಪರಿನಲ್ಲಿ ಬೆರಳಿಟ್ಟು ಹುಡುಕಿದ ಕುಲ ನಮ್ಮದು, ಅದನ್ನು ಬೇರೆ ಹೇಳಿಕೊಡಬೇಕೆ? ಹುಡುಗ ಅಪ್ಪ ಅಮ್ಮನ ಜೊತೆ ಕಾಲೇಜಿಗೆ ಬಂದು, ಊಟ ಮಾಡಿ, ತಂಡದ ಅಂಗಿ ತೊಟ್ಟು ಫೋಟೋ ತೆಗೆಸಿಕೊಂಡು, "ಮನೆಗೆ ಹೋಗಿ ತಿಳಿಸ್ತೀವಿ" ಎಂದು ಹೋಗುತ್ತಾನೆ. ಆಮೇಲೆ ಬರುತ್ತೇನೆಂದು ಬಾಯಿಮಾತು ಕೊಡುತ್ತಾನೆ. ಡಿಸೆಂಬರಿನಲ್ಲಿ ಸಹಿ ಬೀಳುವವರೆಗೆ ಆ ಮಾತಿಗೆ ಕಿಮ್ಮತ್ತಿಲ್ಲ. ನಡುವೆ ಇನ್ನೊಂದು ಒಳ್ಳೆಯ ಸಂಬಂಧ ಬಂದರೆ ಎದ್ದು ಹೋಗುತ್ತಾನೆ. ಹೆಣ್ಣು ನೋಡುವ ಶಾಸ್ತ್ರಕ್ಕೂ ಇದಕ್ಕೂ ಉಪ್ಪಿಟ್ಟು ಕೇಸರಿಬಾತು ಮಾತ್ರ ಕಡಿಮೆ.

ನಾನು ಕಟ್ಟೆಯ ಮೇಲೆ ದೊಡ್ಡ ಮನುಷ್ಯನಾದ ಕಥೆಯನ್ನೂ ಹೇಳಿಬಿಡುತ್ತೇನೆ, ನಾಚಿಕೆ ಬಿಟ್ಟು. ಒಂದು ಶನಿವಾರ ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದು ನಿಂತಿದ್ದೆ. ಪಕ್ಕದ ಪಿಜ್ಜಾ ಅಂಗಡಿಯಿಂದ ಬಾಗಿಲಗಲದ ಒಬ್ಬ ಹುಡುಗ ಹೊರಗೆ ಬಂದ. ಮುಖ ನೋಡಿದ್ದೇ ಎದೆ ಧಸಕ್ಕೆಂದಿತು, ಐದು ತಂಡಗಳು ಹಿಂದೆ ಬಿದ್ದಿದ್ದ ಹುಡುಗ ಅವನು! ಅವನು ಹತ್ತಿದ ಕಾರಿನ ಹಿಂದೆ ನಮ್ಮ ತಂಡದ ಸ್ಟಿಕ್ಕರ್, ಅಂಟಿಸಿ ಒಂದು ದಿನವೂ ಆಗಿರದಂಥ ಹೊಸದು. ಮನೆಗೆ ಬಂದವನೇ "ನನಗೆ ಬಹಳ ಹತ್ತಿರದವರ ಪ್ರಕಾರ ಹುಡುಗ ನಮ್ಮವನೇ" ಎಂದು ಬರೆದೆ. ನಾಲ್ಕು ದಿನಕ್ಕೆ ಅವನು ನಮ್ಮ ತಂಡಕ್ಕೆ ಬಾಯಿಮಾತು ಕೊಟ್ಟ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ಆದರೆ ಅವತ್ತಿನಿಂದ ಕಟ್ಟೆಯಲ್ಲಿ ನಾನು "ಅಟ್ಲಾಂಟಾ ಕಡೆಯ ಒಳಗಿನ ಮನುಷ್ಯ". ಜನ ನನಗೆ ಖಾಸಗಿ ಸಂದೇಶ ಕಳಿಸಿ ಅಭಿಪ್ರಾಯ ಕೇಳತೊಡಗಿದರು. ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ನಾನು ಉಬ್ಬಿ ಪೂರಿಯಾದೆ.

ಈಗ ಮಗನ ವಿಷಯಕ್ಕೆ ಬರುತ್ತೇನೆ. ಈ ಆಟ ಹೆಸರಿಗೆ ಫುಟ್‌ಬಾಲ್, ಚೆಂಡು ಓಡಾಡುವುದೆಲ್ಲ ಕೈಯಲ್ಲಿ. ಕಾಲಿನಿಂದಲೇ ಅನ್ನ ತಿನ್ನುವವರು ತಂಡದಲ್ಲಿ ಒಬ್ಬಿಬ್ಬರು. ಅವರಲ್ಲಿ ಕಿಕ್ಕರ್ ಎನ್ನುವವನು ಎರಡು ಹಳದಿ ಕಂಬಗಳ ನಡುವೆ ಚೆಂಡು ತೂರುವ ಹಾಗೆ ಒದೆಯಬೇಕು. ಎಷ್ಟೋ ಆಟ ಕೊನೆಯ ಗಳಿಗೆಯಲ್ಲಿ ಅವನ ಒಂದು ಒದೆತಕ್ಕೆ ಬಂದು ನಿಲ್ಲುತ್ತದೆ. ಹೋದರೆ ಹೊತ್ತು ಮೆರೆಸುತ್ತಾರೆ, ತಪ್ಪಿದರೆ ವಾರವಿಡೀ ಉಗಿಯುತ್ತಾರೆ. ನನ್ನ ಮಗ ಚಿಕ್ಕಂದಿನಿಂದ ಸಾಕರ್ ಆಡುತ್ತಿದ್ದವನು, ಸಣಕಲು ಕಡ್ಡಿ. ಹತ್ತನೇ ಗ್ರೇಡಿನಲ್ಲಿ ಅವನ ಸ್ಕೂಲಿನ ಕಿಕ್ಕರ್ ಕಾಲು ಮುರಿದುಕೊಂಡ. ಇವನನ್ನು ಸಾಕರ್ ಮೈದಾನದಿಂದ ಎಳೆದು ತಂದು ಒದೆಯಲು ಹೇಳಿದರು. ಒದ್ದ. ಚೆಂಡು ಕಂಬಗಳನ್ನು ದಾಟಿ ಆಚೆಯ ಟೆನಿಸ್ ಕೋರ್ಟಿಗೆ ಹೋಗಿ ಬಿತ್ತು. ಅಲ್ಲಿಂದ ಮುಂದೆ ದಿನವೂ ಸಂಜೆ ಹನ್ನೆರಡು ಚೆಂಡಿನ ಚೀಲ ಹೊತ್ತು ಸ್ಕೂಲಿನ ಮೈದಾನಕ್ಕೆ ಹೋಗುವುದು ನಮ್ಮಿಬ್ಬರ ವ್ರತವಾಯಿತು. ಅವನು ಒದೆಯುವವನು, ನಾನು ಕಂಬದ ಹಿಂದೆ ಓಡಾಡಿ ಹೆಕ್ಕಿ ತರುವವನು.

ಅವನಿಗೆ ಬೇಕಾಗಿದ್ದದ್ದು ಒಂದೇ ಕಾಲೇಜು. ೨೦೨೧ರಲ್ಲಿ ಸ್ಟೇಡಿಯಂಗಳು ಮತ್ತೆ ತುಂಬಿದಾಗ ನಾನು ಹೊಸ ಮತಾಂತರಿಯ ಉತ್ಸಾಹದಲ್ಲಿ ಅವನನ್ನು ನನ್ನ ಹಳೆಯ ವಿಶ್ವವಿದ್ಯಾಲಯದ ಆಟಕ್ಕೆ ಕರೆದುಕೊಂಡು ಹೋಗಿದ್ದೆ. ಆ ಗದ್ದಲದಲ್ಲಿ ಕಿಕ್ಕರ್ ಒಬ್ಬನೇ ಒಂದು ಬದಿಯಲ್ಲಿ ನಿಂತು ಅಭ್ಯಾಸದ ಬಲೆಗೆ ಒದೆಯುತ್ತಿದ್ದುದನ್ನು ಇವನು ಆಟ ಮುಗಿಯುವವರೆಗೂ ನೋಡಿದ. ಆಮೇಲೆ ಬೇರೆ ಕಾಲೇಜುಗಳ ಹೆಸರು ಹೇಳಿದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದು ತಂಡ ಸ್ಕಾಲರ್‌ಶಿಪ್ ಕೊಟ್ಟು ಕಿಕ್ಕರ್‌ನನ್ನು ಕರೆಯುವುದು ಕೆಲವು ವರ್ಷಕ್ಕೊಮ್ಮೆ, ಅದೂ ಒಬ್ಬನನ್ನೇ. ಅವನು ಹನ್ನೆರಡನೇ ಗ್ರೇಡಿಗೆ ಕಾಲಿಡುವ ಹೊತ್ತಿಗೆ ಅಲ್ಲಿ ಆ ಒಂದು ಜಾಗ ಖಾಲಿಯಾಗುವುದಿತ್ತು.

ಇನ್ನೊಂದು ವಿಷಯ ಇತ್ತು, ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದದ್ದು. ಪ್ರತಿ ಆಟಕ್ಕೂ ಮುಂಚೆ ಅವನು ಪಾರ್ಕಿಂಗ್ ಲಾಟಿನಲ್ಲಿ ನಮ್ಮ ವ್ಯಾನಿನ ಹಿಂದೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದ. ಕಾಯಿಲೆಯೇನಲ್ಲ, ಪುಕ್ಕಲು. ನಾನು ನೀರಿನ ಬಾಟಲಿ, ಒಂದು ಚಿಟಿಕೆ ಸೋಂಪು ಹಿಡಿದು ನಿಲ್ಲುತ್ತಿದ್ದೆ. ಬಾಯಿ ಮುಕ್ಕಳಿಸಿ, ಸೋಂಪು ಜಗಿದು, ಏನೂ ಆಗಿಲ್ಲವೆಂಬಂತೆ ಹೋಗಿ ಒದೆಯುತ್ತಿದ್ದ. "ಅಪ್ಪ, ಯಾರಿಗೂ ಹೇಳ್ಬೇಡ. ಅಮ್ಮಂಗೂ ಹೇಳ್ಬೇಡ. ಪ್ರಾಮಿಸ್?" ಎಂದು ಮೊದಲ ದಿನವೇ ಮಾತು ತೆಗೆದುಕೊಂಡಿದ್ದ. ನಾನು ತಲೆ ಮುಟ್ಟಿ ಪ್ರಾಮಿಸ್ ಮಾಡಿದ್ದೆ. ಕಟ್ಟೆಯ ಮೇಲೂ ಮಗನ ಸುದ್ದಿ ಎತ್ತುವುದಿಲ್ಲ ಎಂದು ನನಗೆ ನಾನೇ ಕಟ್ಟುಪಾಡು ಹಾಕಿಕೊಂಡಿದ್ದೆ.

ಹನ್ನೊಂದನೇ ಗ್ರೇಡು ಮುಗಿದ ಜೂನ್‌ನಲ್ಲಿ ವಿಶ್ವವಿದ್ಯಾಲಯದ ಕ್ಯಾಂಪು. ಊರೂರಿನ ಕಿಕ್ಕರ್ ಹುಡುಗರು ಬಂದು ಕೋಚ್‌ನ ಎದುರು ಒದೆಯುತ್ತಾರೆ. ವ್ಯಾನಿನ ಹಿಂದಿನ ಕಾರ್ಯಕ್ರಮ ಮುಗಿಸಿಕೊಂಡು ಹೋದ ನನ್ನ ಮಗ ಅವತ್ತು ಹೇಗೆ ಒದ್ದ ಎಂದರೆ, ಪಕ್ಕದಲ್ಲಿದ್ದ ಅಪ್ಪಂದಿರು ಮಾತು ನಿಲ್ಲಿಸಿ ನೋಡಿದರು. ಕೊನೆಗೆ ಕೋಚ್ ನಮ್ಮಿಬ್ಬರನ್ನೂ ಕರೆದು ನೇರವಾಗಿ ಹೇಳಿದ: ನನ್ನ ಮುಂದೆ ಇಬ್ಬರಿದ್ದಾರೆ, ಒಬ್ಬ ನೀನು, ಇನ್ನೊಬ್ಬ ಬೇರೆ ಕಾಲೇಜಿನಲ್ಲಿ ಎರಡು ವರ್ಷ ಆಡಿ ಇಲ್ಲಿಗೆ ಬರಲು ನೋಡುತ್ತಿರುವವನು, ಒಂದು ತಿಂಗಳಲ್ಲಿ ತಿಳಿಸುತ್ತೇನೆ. ವಾಪಸ್ ಬರುವಾಗ ಹೈವೇಯಲ್ಲಿ ಹುಡುಗ ಕಿಟಕಿಗೆ ಹಣೆಯಾನಿಸಿ ನಗುತ್ತಲೇ ಇದ್ದ. ನಾನು ಏನು ಹೇಳಿದೆ ಗೊತ್ತೇ? "ಪರವಾಗಿಲ್ಲ. ಆ ಮೂರನೇದು ಯಾಕೋ ಸ್ವಲ್ಪ ಎಡಕ್ಕೆ ಹೋಯ್ತು ನೋಡು."

ಹಾಗೆ ಹೇಳದೆ ನನಗೆ ಗತಿಯಿರಲಿಲ್ಲ. ನಾನು ಬೆಳೆದ ಮನೆಯಲ್ಲಿ ಮಕ್ಕಳನ್ನು ಹೊಗಳುವುದು ಅಪಶಕುನ. ಮಗು ದುಂಡುದುಂಡಾಗಿದೆ ಎಂದು ಯಾರಾದರೂ ಅಂದರೆ ಅಮ್ಮ ತಕ್ಷಣ "ಅಯ್ಯೋ ಎಲ್ಲಿ, ಒಂದು ತುತ್ತೂ ಸೇರಲ್ಲ" ಎನ್ನಬೇಕು. ನಾನು ಇಂಜಿನಿಯರಿಂಗ್ ಡಿಸ್ಟಿಂಕ್ಷನ್‌ನಲ್ಲಿ ಪಾಸಾದಾಗ ಅಪ್ಪ ಬೀದಿಯವರಿಗೆಲ್ಲ "ಏನೋ ದಡ ಸೇರಿದ" ಎಂದರು. ದೃಷ್ಟಿಯಾಗಬಾರದು. ಮಗುವಿನ ಕೆನ್ನೆಗೆ ಕಪ್ಪು ಬೊಟ್ಟಿಟ್ಟು ಚಂದವನ್ನು ಕೊಂಚ ಕೆಡಿಸಬೇಕು. ಮೂವತ್ತು ವರ್ಷ ಕಂಪ್ಯೂಟರ್ ಮುಂದೆ ಕೂತರೂ ಈ ಭಯ ನನ್ನ ಹೊಟ್ಟೆಯಿಂದ ಹೋಗಿಲ್ಲ.

ಮರುದಿನ ಕಟ್ಟೆ ತೆರೆದರೆ ಯಾರೋ ಪುಣ್ಯಾತ್ಮ ಕ್ಯಾಂಪಿನ ವಿಡಿಯೋ ಹಾಕಿದ್ದ, ನನ್ನ ಮಗನ ಹೆಸರಿನ ಸಮೇತ. ಕೆಳಗೆ ಪುಟಗಟ್ಟಲೆ ಹೊಗಳಿಕೆ. "ದಕ್ಷಿಣದಲ್ಲೇ ಇಂಥ ಕಾಲು ಇನ್ನೊಂದಿಲ್ಲ." "ಇವನನ್ನು ಬಿಟ್ಟರೆ ಕೋಚ್‌ನನ್ನು ಮನೆಗೆ ಕಳಿಸಿ." "ಬಂಗಾರದ ಪಾದ." ಮೊದಲ ಪುಟಕ್ಕೆ ನನ್ನ ಕಣ್ಣು ತುಂಬಿತು. ಹೆಂಡತಿಯನ್ನು ಕೂಗಿ ಕರೆದು ಗಟ್ಟಿಯಾಗಿ ಓದಿ ಹೇಳಿದೆ. ಮೂರನೇ ಪುಟಕ್ಕೆ ಓದುವುದನ್ನು ನಿಲ್ಲಿಸಿದೆ. ಇಷ್ಟೊಂದು ಜನ, ಇಷ್ಟೊಂದು ಕಣ್ಣು! ಅಷ್ಟರಲ್ಲಿ ಮಗ ಮೆಟ್ಟಿಲಿಳಿಯುತ್ತ "ಔಚ್" ಎಂದ. ತೊಡೆ ಹಿಡಿದುಕೊಂಡಿತ್ತು.

ಹೆಂಡತಿ ಕಲ್ಲುಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಅವನನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ ನಿವಾಳಿಸಿದಳು. ಅದನ್ನು ಬಾಣಲೆಗೆ ಹಾಕಿ ಒಲೆ ಹಚ್ಚಿದ್ದೇ ತಡ, ಮನೆಯ ಮೂರೂ ಹೊಗೆ ಅಲಾರ್ಮುಗಳು ಬಾಯಿ ಬಡಿದುಕೊಂಡವು. ನಾನು ಕುರ್ಚಿ ಹತ್ತಿ ಟವೆಲ್ ಬೀಸಿದೆ. ಹುಡುಗ ಕೆಮ್ಮುತ್ತ "ಅಮ್ಮ, ಈಸ್ ದಿಸ್ ಈವನ್ ಲೀಗಲ್?" ಎಂದು ಕೇಳಿದ. ಸಂಜೆಗೆ ತೊಡೆ ನೋವು ಹೋಯಿತು. ಹೆಂಡತಿಯ ಪಾಲಿಗೆ ವಿಷಯ ಅಲ್ಲಿಗೆ ಮುಗಿಯಿತು.

ಬುದ್ಧಿಯಿದ್ದಿದ್ದರೆ ನನ್ನ ಪಾಲಿಗೂ ಮುಗಿಯಬೇಕಿತ್ತು. ಆದರೆ ನಾನು ಇಂಜಿನಿಯರ್ ನೋಡಿ, ಮೂಲಕ್ಕೇ ಕೈ ಹಾಕುವ ಚಟ. ಕಣ್ಣು ಬಿದ್ದಿರುವುದು ಕಟ್ಟೆಯಲ್ಲಿ, ಅಡುಗೆಮನೆಯಲ್ಲಿ ನಿವಾಳಿಸಿದರೆ ಅಲ್ಲಿಗೆ ಹೇಗೆ ತಲುಪುತ್ತದೆ? ಅಲ್ಲೇ ಒಂದು ಕಪ್ಪು ಬೊಟ್ಟು ಇಡಬೇಕು. ಚಿಕ್ಕದು, ಹೊಗಳಿಕೆಯ ಕಾವು ಇಳಿಯುವಷ್ಟು. ಮರುದಿನ ಆಫೀಸಿನ ಮೀಟಿಂಗಿನಲ್ಲಿ ಮೈಕ್ ಮುಚ್ಚಿಟ್ಟುಕೊಂಡು, ನನ್ನ ಆ ಘನವಾದ ಕಳ್ಳಹೆಸರಿನಲ್ಲಿ ಬರೆದೆ: "ಸ್ವಲ್ಪ ತಡೆಯಿರಿ ಮಹನೀಯರೆ. ಹುಡುಗ ಪರವಾಗಿಲ್ಲ, ಆದರೆ ಬಂಗಾರವೇನಲ್ಲ. ಒತ್ತಡ ಬಂದರೆ ಎಡಕ್ಕೆ ಎಳೆಯುತ್ತಾನೆ. ಪ್ರತಿ ಆಟಕ್ಕೂ ಮುಂಚೆ ವಾಂತಿ ಮಾಡಿಕೊಳ್ಳುತ್ತಾನೆಂದು ನಂಬಿಕಸ್ಥರಿಂದ ತಿಳಿದಿದೆ." ಸುಮ್ಮನೆ ಚೆನ್ನಾಗಿಲ್ಲ ಎಂದರೆ ಯಾರೂ ನಂಬುವುದಿಲ್ಲವೆಂದು ಒಂದು ನಿಜವನ್ನೂ ಸೇರಿಸಿದೆ. ಕಳಿಸಿದ ಮೇಲೆ, ನಂಬಿದರೆ ನಂಬಿ, ಮನಸ್ಸು ಹಗುರಾಯಿತು.

ಹಗುರಾದದ್ದು ಒಂದೂವರೆ ಗಂಟೆ. ಊಟ ಮುಗಿಸಿ ಬಂದು ನೋಡಿದರೆ ಬೆಂಕಿ ಬಿದ್ದಿತ್ತು. "ಅಟ್ಲಾಂಟಾದ ಒಳಗಿನ ಮನುಷ್ಯನೇ ಹೇಳುತ್ತಿದ್ದಾನೆ ಎಂದರೆ ಏನೋ ಇರಲೇಬೇಕು" ಎಂದು ಒಬ್ಬ. "ಎಂಬತ್ತು ಸಾವಿರ ಜನರ ಮುಂದೆ ಇವನಿಗೆ ಒದೆಯಲಾಗುತ್ತದೆಯೇ?" ಎಂದು ಇನ್ನೊಬ್ಬ. ಬಂಗಾರದ ಪಾದ ಎಂದಿದ್ದವನೇ ಬಕೆಟ್ ಹಿಡಿದು ನಿಂತ ಕಿಕ್ಕರ್‌ನ ಚಿತ್ರ ಮಾಡಿ ಹಾಕಿದ್ದ. ಸಂಜೆಯೊಳಗೆ ಅದು ಬೇರೆ ಕಡೆಗಳಿಗೂ ಹರಿದು, ರಿಕ್ರೂಟಿಂಗ್ ಸುದ್ದಿ ಬರೆಯುವ ಒಬ್ಬ "ಹುಡುಗನ ಮನೋಬಲದ ಬಗ್ಗೆ ಪ್ರಶ್ನೆಗಳಿವೆ" ಎಂದು ಬರೆದ. ಪ್ರಶ್ನೆ ಎಲ್ಲಿಂದ ಬಂತು ಮಾರಾಯ, ನನ್ನ ಮೂಲೆಯ ಮೇಜಿನಿಂದ ಬಂತು! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಳಿಸಲು ನೋಡಿದೆ, ಅಷ್ಟರಲ್ಲಿ ನನ್ನ ಸಾಲುಗಳನ್ನು ನೂರು ಜನ ನಕಲು ಮಾಡಿ ಅಂಟಿಸಿದ್ದರು. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ ಎಂಬ ಗಾದೆಯನ್ನು ಚಿಕ್ಕಂದಿನಲ್ಲಿ ಕೇಳಿ ನಕ್ಕಿದ್ದೆ. ಈಗ ಉಳಿ ನನ್ನ ಕೈಯಲ್ಲೇ ಇತ್ತು.

ಸರಿಪಡಿಸಲು ಹೋಗಿ ಇನ್ನೂ ಕೆಡಿಸಿದೆ. "ನಾನು ಮತ್ತೆ ವಿಚಾರಿಸಿದೆ, ಆ ಸುದ್ದಿ ಸುಳ್ಳು, ಹುಡುಗ ಅಪ್ಪಟ ಚಿನ್ನ" ಎಂದು ಮರುದಿನ ಬರೆದೆ. ಯಾರೂ ನಂಬಲಿಲ್ಲ. ಮತ್ತೆ ಬರೆದೆ. ಅವನ ಶಿಸ್ತು, ಅಭ್ಯಾಸ, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಹುಲ್ಲು ತೂರಿ ನೋಡುವ ರೀತಿ, ಎಲ್ಲ ವರ್ಣಿಸಿದೆ. ಆಗ ಒಬ್ಬ ಕೇಳಿದ: "ಇಷ್ಟೆಲ್ಲ ನಿನಗೆ ಹೇಗೆ ಗೊತ್ತು? ನೀನೇನು ಅವನಪ್ಪನಾ?"

ಗುಟ್ಟು ರಟ್ಟಾದರೆ ಮಗನ ಮಾನ ಹೋಗುತ್ತದೆ ಎಂದುಕೊಂಡೆ. ಈಗ ನಿಜ ಹೇಳಿಬಿಡುತ್ತೇನೆ, ಹೋಗುತ್ತಿದ್ದದ್ದು ನನ್ನ ಮಾನ. "ಅಲ್ಲ. ಆ ಹುಡುಗನ ಮುಖವನ್ನೂ ನೋಡಿದವನಲ್ಲ ನಾನು" ಎಂದು ಬರೆದು ಲ್ಯಾಪ್‌ಟಾಪ್ ಮುಚ್ಚಿದೆ.

ಒಂದು ವಾರದ ಮೇಲೆ ಮಧ್ಯಾಹ್ನ ಕೋಚ್ ಫೋನ್ ಮಾಡಿದ. ಮಗ ಅಡುಗೆಮನೆಯ ಕಲ್ಲಿನ ಮೇಲೆ ಫೋನಿಟ್ಟು ಸ್ಪೀಕರ್ ಹಾಕಿದ. ಹೆಂಡತಿ ಚಪಾತಿ ಹಿಟ್ಟಿನ ಕೈಯಲ್ಲೇ ನಿಂತಳು. ಅದೂ ಇದೂ ಕೇಳಿ ಕೋಚ್ ಅಂದ, "ಜನ ಏನೇನೋ ಮಾತಾಡುತ್ತಿದ್ದಾರೆ. ನಾನು ಅದನ್ನೆಲ್ಲ ಓದುವುದಿಲ್ಲ, ಆದರೂ ಕಿವಿಗೆ ಬೀಳುತ್ತದೆ. ಆಟದ ಮುಂಚೆ ವಾಂತಿ ಮಾಡಿಕೊಳ್ಳುತ್ತೀಯಂತೆ, ಹೌದೇ?"

ಹುಡುಗ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತ ಹೇಳಿದ, "ಯೆಸ್ ಸರ್. ಎವ್ರಿ ಗೇಮ್."

"ಆಮೇಲೆ?"

"ನೀರು ಕುಡಿದು ಹೋಗಿ ಒದೆಯುತ್ತೇನೆ, ಸರ್" ಎಂದು ಇಂಗ್ಲಿಷಿನಲ್ಲಿ ಹೇಳಿದ. ಕೋಚ್ ನಕ್ಕ. ಸರಿ, ಇನ್ನೊಂದು ವಾರದಲ್ಲಿ ಹೇಳುತ್ತೇನೆ ಎಂದು ಇಟ್ಟ.

ಫೋನ್ ಇಟ್ಟದ್ದೇ ಹೆಂಡತಿ ಶುರು ಮಾಡಿದಳು. "ವಾಂತಿನಾ? ಯಾವಾಗಿಂದ? ನಂಗ್ಯಾಕೆ ಹೇಳ್ಲಿಲ್ಲ? ಅಲ್ಲಾ, ನಂಗೇ ಗೊತ್ತಿಲ್ದೆ ಇರೋದು ಆ ಕಟ್ಟೆ ಜನಕ್ಕೆ ಹೇಗೆ ಗೊತ್ತಾಯ್ತು?"

ಮಗ ಫ್ರಿಜ್ ಬಾಗಿಲು ತೆಗೆದು ಅದರೊಳಗೆ ಮುಖವಿಟ್ಟುಕೊಂಡು "ಐ ಡೋಂಟ್ ನೋ ಅಮ್ಮ. ಯಾರೋ ನೋಡಿರ್ಬೇಕು" ಎಂದ.

ಅವನು ಸುಳ್ಳು ಹೇಳುವಾಗ ಯಾವಾಗಲೂ ಏನಾದರೊಂದರ ಬಾಗಿಲು ತೆಗೆಯುತ್ತಾನೆ. ಇವನಿಗೆ ಗೊತ್ತು ಎಂದು ನನಗೆ ಆ ಕ್ಷಣ ಖಾತ್ರಿಯಾಯಿತು. ಗೊತ್ತಿದ್ದೂ ತಾಯಿಯ ಮುಂದೆ ನನ್ನನ್ನು ಉಳಿಸಿದ. ನಾನು ಅವನ ಹಿಂದೆ ಹೋಗಿ ಅಲ್ಲೇ ಕಾಲಿಗೆ ಬೀಳಬೇಕಿತ್ತು. ಮಾಡಲಿಲ್ಲ. ಮೀಟಿಂಗ್ ಇದೆ ಎಂದು ಮೇಲೆ ಹೋದೆ, ಹೇಡಿ.

ಮುಂದಿನ ವಾರ ಕೋಚ್ ಮತ್ತೆ ಫೋನ್ ಮಾಡಿದ. ಬೇರೆ ಕಾಲೇಜಿನ ಹುಡುಗನನ್ನು ಆರಿಸಿದ್ದೇನೆ ಎಂದ. ಅವನಿಗೆ ದೊಡ್ಡ ಆಟಗಳ ಅನುಭವವಿದೆ, ಅಷ್ಟೇ ಕಾರಣ ಎಂದ. ನೀನು ಬಾ, ಸ್ಕಾಲರ್‌ಶಿಪ್ ಇಲ್ಲದೆ, ತಂಡದ ಜೊತೆ ಅಭ್ಯಾಸ ಮಾಡು, ಜಾಗ ಗಿಟ್ಟಿಸಿಕೊಳ್ಳಲು ಆಗುತ್ತದೋ ನೋಡೋಣ ಎಂದ. ಮಗ "ಥ್ಯಾಂಕ್ ಯು ಸರ್, ಐ ವಿಲ್ ಥಿಂಕ್ ಅಬೌಟ್ ಇಟ್" ಎಂದು ಬಹಳ ಮರ್ಯಾದೆಯಿಂದ ಹೇಳಿ ತನ್ನ ಕೋಣೆಗೆ ಹೋದ. ನನ್ನ ಸಾಲುಗಳಿಂದ ಹೀಗಾಯಿತೋ, ಹಾಗಲ್ಲದೆಯೂ ಹೀಗೇ ಆಗುತ್ತಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೋಚ್ ಹೇಳಿದ ಕಾರಣವನ್ನೇ ನಂಬೋಣವೆಂದು ದಿನವೂ ಪ್ರಯತ್ನಿಸುತ್ತೇನೆ.

ಮರುದಿನ ಸಂಜೆ, ಇನ್ನೂ ಬಿಸಿಲು ಸುಡುತ್ತಿರುವಾಗಲೇ, ಹುಡುಗ ಚೆಂಡಿನ ಚೀಲ ಹೆಗಲಿಗೇರಿಸಿದ. ಇವತ್ತು ಬೇಡವೇನೋ ಎಂದೆ. "ಯಾಕೆ?" ಎಂದ. ಹೋದೆವು. ಹನ್ನೆರಡನ್ನೂ ಒದ್ದ. ನಾನು ಹೆಕ್ಕಿ ತಂದು ಅವನ ಮುಂದೆ ಸುರಿದು ಏದುಸಿರಿನಲ್ಲೇ ಹೇಳಿದೆ, "ಕಟ್ಟೇಲಿ ಬರೆದಿದ್ದು ನಾನು ಕಣೋ."

"ಐ ನೋ."

"ಯಾವಾಗಿಂದ?"

"ಫಸ್ಟ್ ಡೇ. ನಿಂಗೆ ಮಾತ್ರ ಗೊತ್ತಲ್ವಾ ಅಪ್ಪ."

"ಮತ್ತೆ ಯಾಕೋ ಕೇಳ್ಲಿಲ್ಲ?"

ಅವನು ಒಂದು ಚೆಂಡನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ಅದು ಓಕೆ. ಇಟ್ಸ್ ಟ್ರೂ, ರೈಟ್? ಎನಿವೇ ಎಲ್ಲಾರ್ಗೂ ಗೊತ್ತಾಗ್ತಿತ್ತು." ಆಮೇಲೆ ಚೆಂಡನ್ನು ಕೆಳಗಿಟ್ಟ. "ಆದ್ರೆ ಒಬ್ಬ ಕೇಳಿದ, ನೀನು ಅವನ ಡ್ಯಾಡಾ ಅಂತ. ನೀನು ನೋ ಅಂದೆ."

ಎಂಥ ಬೈಗುಳ ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಇದನ್ನು ಕೇಳಿ ಅಲ್ಲೇ ಹುಲ್ಲಿನ ಮೇಲೆ ಕೂತೆ. ಕೂತು, ದೃಷ್ಟಿ ಎಂದರೇನು, ಬೊಟ್ಟು ಯಾಕೆ ಇಡುತ್ತಾರೆ, ನನ್ನ ಅಮ್ಮ ಏನನ್ನುತ್ತಿದ್ದಳು, ಎಲ್ಲವನ್ನೂ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳಿದೆ. ಗಟ್ಟಿಯಾಗಿ ಹೇಳಿದ ಮೇಲೆ ಅದು ಎಷ್ಟು ಪೆದ್ದುಪೆದ್ದಾಗಿ ಕೇಳಿಸಿತೆಂದರೆ ನನಗೇ ಅಳು ನಗು ಒಟ್ಟಿಗೆ ಬಂತು. ಅವನು ಕೊನೆಯವರೆಗೂ ಕೇಳಿದ.

"ಸೋ, ಎಲ್ಲಾರೂ ನಾನು ತುಂಬಾ ಗುಡ್ ಅಂದ್ರು. ನಿಂಗೆ ಭಯ ಆಯ್ತು."

"ಹೂಂ."

"ನಿಂಗೂ ಹಾಗೇ ಅನ್ಸುತ್ತಾ? ದಟ್ ಐ ಆ್ಯಮ್ ಗುಡ್?"

"ಅನ್ಸದೇ ಇರುತ್ತೇನೋ?"

"ಯು ನೆವರ್ ಸೆಡ್ ಇಟ್. ಒಂದ್ಸಲಾನೂ ಹೇಳಿಲ್ಲ."

ಎರಡು ವರ್ಷ ದಿನವೂ ಅವನು ಒದ್ದ ಚೆಂಡು ಹೆಕ್ಕಿದ್ದೆ. ಒಂದು ಸಲವಾದರೂ ಹೇಳಿದ್ದೇನೆಯೇ ಎಂದು ನೆನಪಿನಲ್ಲಿ ತಡಕಾಡಿದೆ. ಸಿಗಲಿಲ್ಲ. ದೇವರು ಕಣ್ಣು ಹಾಕಲಿ, ದೆವ್ವ ಕಣ್ಣು ಹಾಕಲಿ ಎಂದುಕೊಂಡು ಹೇಳಿದೆ, "ನೀನು ಒದೆಯೋದನ್ನ ನೋಡ್ತಿದ್ರೆ ನಂಗೆ ಎದೆ ತುಂಬಿ ಬರುತ್ತೆ ಕಣೋ. ನಿನ್ನಷ್ಟು ಚೆನ್ನಾಗಿ ಒದೆಯೋರನ್ನ ನಾನು ನೋಡೇ ಇಲ್ಲ. ತಪ್ಪಾಯ್ತು ಮಗನೇ."

"ಓಕೆ" ಎಂದ. ತೋಳಿನಿಂದ ಮೂಗು ಒರೆಸಿಕೊಂಡ. ಆಮೇಲೆ, "ಅಲ್ಲೂ ಹೇಳು" ಎಂದ.

ಅಲ್ಲೇ ಹುಲ್ಲಿನ ಮೇಲೆ ಕೂತು ಫೋನಿನಲ್ಲಿ ಕಟ್ಟೆ ತೆರೆದೆ. "ನಾನು ಸುಳ್ಳು ಹೇಳಿದ್ದೆ. ನಾನು ಆ ಹುಡುಗನ ತಂದೆ. ಅವನ ಗುಟ್ಟನ್ನು ಬಯಲು ಮಾಡಿದ್ದು ನನ್ನ ತಪ್ಪು. ಅವನಂಥ ಕಿಕ್ಕರ್ ನಿಮಗೆ ಸಿಗುವುದಿಲ್ಲ" ಎಂದು ಬರೆದು ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರಗಳು ಬಂದವು. "ಹೌದಪ್ಪ, ನಾನು ಅವನ ತಾತ" ಎಂದು ಒಬ್ಬ. "ಮೊದಲು ವಾಂತಿ ಅಂದೆ, ಆಮೇಲೆ ಚಿನ್ನ ಅಂದೆ, ಈಗ ಅಪ್ಪ ಅನ್ನುತ್ತೀಯ. ಇವನನ್ನು ಯಾರಾದರೂ ಹೊರಗೆ ಹಾಕಿ" ಎಂದು ಇನ್ನೊಬ್ಬ.

ಮಗ ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಓದಿದ. ಮೂರು ವಾರದಲ್ಲಿ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ನನ್ನದೇ ಕಳ್ಳಹೆಸರಿನಲ್ಲಿ, ಬೆವರಿದ ಬೆರಳುಗಳಿಂದ ಟೈಪ್ ಮಾಡಿದ: "ನಾನೇ ಆ ಕಿಕ್ಕರ್. ಇವರು ನನ್ನ ಅಪ್ಪ, ನಿಜವಾಗಿ."

ಅದನ್ನೂ ಯಾರೂ ನಂಬಲಿಲ್ಲ. ಐದು ನಿಮಿಷದೊಳಗೆ ನನ್ನನ್ನು ಕಟ್ಟೆಯಿಂದ ಹೊರಗೆ ಹಾಕಿದರು. ಅವನು ಫೋನನ್ನು ನನ್ನ ಜೇಬಿಗೆ ತುರುಕಿ, ಕೈ ಹಿಡಿದು ಎಬ್ಬಿಸಿದ.